ಅಂಗಡಿಗೊಂದು ಅಂಕಿ

ಕನ್ನಡದಲ್ಲಿ ‘ಹೋಟೆಲ್’ ಎಂದರೆ ಇಡ್ಲಿ, ವಡೆ, ಕಾಫಿ. ರಾತ್ರಿ ಉಳಿಯಬೇಕಾದರೆ ನಾವು ಹುಡುಕುವುದು ಲಾಡ್ಜನ್ನು. ಕ್ರೆಡಿಟ್ ಕಾರ್ಡಿನ ಲೋಕಕ್ಕೆ ಈ ಕನ್ನಡ ಬರುವುದಿಲ್ಲ. ಅದರ ಲೆಕ್ಕದಲ್ಲಿ ಹೋಟೆಲ್ ಎಂದರೆ 7011, ಊಟ ತಿಂಡಿಯ ಜಾಗ ಎಂದರೆ 5812. ಬೋರ್ಡಿನ ಮೇಲೆ ದೊಡ್ಡದಾಗಿ ‘ಹೋಟೆಲ್’ ಎಂದು ಬರೆಸಿಕೊಂಡ ಒಂದು ದರ್ಶಿನಿಯನ್ನು ನೋಂದಾಯಿಸುವಾಗ ಬ್ಯಾಂಕಿನ ನೌಕರ ಮೊದಲ ಸಂಖ್ಯೆಯನ್ನು ಒತ್ತಿಬಿಟ್ಟನೆಂದು ಇಟ್ಟುಕೊಳ್ಳಿ. ಅಲ್ಲಿ ತಿಂದ ಮಸಾಲೆ ದೋಸೆ ಅಂದಿನಿಂದ ಕಾರ್ಡಿನ ಪಾಲಿಗೆ ಪ್ರವಾಸದ ಖರ್ಚು. ಊಟದ ಖರ್ಚಿಗೆ ನೂರಕ್ಕೆ ಐದು ರೂಪಾಯಿ ವಾಪಸ್ ಕೊಡುತ್ತೇನೆಂದು ಮಾತು ಕೊಟ್ಟಿದ್ದ ಕಾರ್ಡು ಆ ದೋಸೆಗೆ ಏನೂ ಕೊಡುವುದಿಲ್ಲ. ದೋಸೆ ಮಾಡಿದವರಿಗೂ ತಿಂದವರಿಗೂ ಅದು ದೋಸೆಯೇ. ಹಾಗಾದರೆ ಅದನ್ನು ಬೇರೆ ಮಾಡಿದವರು ಯಾರು?

ಮಾಡಿದ್ದು ನಾಲ್ಕು ಅಂಕಿಯ ಒಂದು ಸಂಖ್ಯೆ. ಅದರ ಹೆಸರು ಮರ್ಚೆಂಟ್ ಕೆಟಗರಿ ಕೋಡ್, ಚುಟುಕಾಗಿ ಎಂಸಿಸಿ. ಕಾರ್ಡು ತೆಗೆದುಕೊಳ್ಳುವ ಪ್ರತಿಯೊಂದು ಅಂಗಡಿಗೂ ಇಂಥದೊಂದು ಸಂಖ್ಯೆ ಇರುತ್ತದೆ. ಅದನ್ನು ಕೊಡುವುದು ಅಂಗಡಿಗೆ ಸ್ವೈಪ್ ಮಷಿನ್ ಒದಗಿಸಿದ ಬ್ಯಾಂಕು. ಅಂಗಡಿಯ ಮುಖ್ಯ ವ್ಯಾಪಾರ ಯಾವುದೋ ಅದನ್ನು ನೋಡಿ ಕೊಡಬೇಕೆಂಬುದು ನಿಯಮ. ನಾವು ಕಾರ್ಡು ತಾಗಿಸಿದ ಕೂಡಲೇ ಅಂಗಡಿಯಿಂದ ನಮ್ಮ ಬ್ಯಾಂಕಿಗೆ ಒಂದು ಸಂದೇಶ ಹೋಗುತ್ತದೆ. ಐಎಸ್‌ಒ 8583 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಆ ಸಂದೇಶದಲ್ಲಿ ಹಣದ ಮೊತ್ತಕ್ಕೊಂದು ಜಾಗ, ಸಮಯಕ್ಕೊಂದು ಜಾಗ ಇದೆ. 18ನೆಯ ಜಾಗ ಈ ನಾಲ್ಕು ಅಂಕಿಯದು. ಸಾಮಾನ್ಯ ಖರೀದಿಯಲ್ಲಿ ನಾವು ಕೊಂಡ ಸಾಮಾನಿನ ಪಟ್ಟಿ ಆ ಸಂದೇಶದಲ್ಲಿ ಇರುವುದಿಲ್ಲ. ಅಕ್ಕಿ ಕೊಂಡೆವೋ, ಸೋಪು ಕೊಂಡೆವೋ, ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕೊಂಡೆವೋ ಬ್ಯಾಂಕಿಗೆ ತಿಳಿಯದು. ಅದಕ್ಕೆ ತಿಳಿಯುವುದು ಎಷ್ಟು ಹಣ, ಎಂಥ ಅಂಗಡಿ ಎಂಬುದಷ್ಟೆ. ಹಾಗಾಗಿ ‘ದಿನಸಿಗೆ ಶೇ 5 ಕ್ಯಾಶ್‌ಬ್ಯಾಕ್’ ಎಂಬ ಜಾಹೀರಾತಿನ ನಿಜವಾದ ಅರ್ಥ ‘5411 ಎಂದು ಬರೆದುಕೊಂಡ ಅಂಗಡಿಯಲ್ಲಿ ಏನು ಕೊಂಡರೂ ಶೇ 5’ ಎಂದು. ಅಲ್ಲಿ ಕೊಂಡ ಪ್ಲಾಸ್ಟಿಕ್ ಬಕೆಟ್ಟೂ ದಿನಸಿಯೇ. ಬೇರೆ ಸಂಖ್ಯೆಯ ಅಂಗಡಿಯಲ್ಲಿ ಕೊಂಡ ತೊಗರಿಬೇಳೆ ದಿನಸಿಯಲ್ಲ.

ಈ ವಾಪಸ್ ಹಣ ಬರುವುದೆಲ್ಲಿಂದ? ನೂರು ರೂಪಾಯಿಯ ವ್ಯಾಪಾರವನ್ನು ಕಾರ್ಡಿನಲ್ಲಿ ಮಾಡಿದರೆ ಅಂಗಡಿಯವರ ಕೈಗೆ ಪೂರ್ತಿ ನೂರು ಸೇರುವುದಿಲ್ಲ. ಅದರಲ್ಲಿ ಒಂದು ಪಾಲು ಸ್ವೈಪ್ ಮಷಿನ್ ಕೊಟ್ಟ ಬ್ಯಾಂಕಿಗೆ, ಒಂದು ಪಾಲು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಕ್ಕೆ, ದೊಡ್ಡ ಪಾಲು ನಮಗೆ ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ಈ ಕೊನೆಯ ಪಾಲನ್ನು ಇಂಟರ್‌ಚೇಂಜ್ ಎನ್ನುತ್ತಾರೆ. ಕ್ಯಾಶ್‌ಬ್ಯಾಕಿನ ಮುಖ್ಯ ಮೂಲ ಇದೇ. ಅಮೆರಿಕದಲ್ಲಿ ಸಿಯರ್ಸ್ ಎಂಬ ಅಂಗಡಿ ಕಂಪನಿ 1986ರಲ್ಲಿ ಡಿಸ್ಕವರ್ ಕಾರ್ಡನ್ನು ದೇಶದ ತುಂಬ ಪರಿಚಯಿಸಿ, ಖರ್ಚಿನ ಒಂದು ಸಣ್ಣ ಭಾಗವನ್ನು ವಾಪಸ್ ಕೊಡುವುದಾಗಿ ಹೇಳಿದಾಗ ಈ ಪದ್ಧತಿ ಜನಪ್ರಿಯವಾಯಿತು. ಆಗ ಸಿಗುತ್ತಿದ್ದುದು ಹೆಚ್ಚೆಂದರೆ ಶೇ 1. ಮುಂದೆ ಬ್ಯಾಂಕುಗಳ ನಡುವೆ ಪೈಪೋಟಿ ಹೆಚ್ಚಿದಂತೆ ಎಲ್ಲ ಖರ್ಚಿಗೂ ಒಂದೇ ದರ ಎಂಬುದು ಹೋಗಿ, ಬಗೆಗೊಂದು ದರ ಬಂತು. ಅಮೆರಿಕನ್ ಎಕ್ಸ್‌ಪ್ರೆಸ್‌ನ ಒಂದು ಹೆಸರಾಂತ ಕಾರ್ಡು ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ವರ್ಷಕ್ಕೆ 6,000 ಡಾಲರ್‌ವರೆಗಿನ ಖರ್ಚಿಗೆ ಶೇ 6 ಕೊಡುತ್ತದೆ. ಅದೇ ಹಾಲು, ಅದೇ ಬ್ರೆಡ್ಡನ್ನು ಎಲ್ಲವನ್ನೂ ಮಾರುವ ದೊಡ್ಡ ಮಳಿಗೆಯಲ್ಲೋ ಸಗಟು ಕ್ಲಬ್ಬಿನಲ್ಲೋ ಕೊಂಡರೆ ಆ ದರ ಸಿಗುವುದಿಲ್ಲ. ಯುರೋಪಿನ ಒಕ್ಕೂಟ 2015ರಲ್ಲಿ ಕ್ರೆಡಿಟ್ ಕಾರ್ಡಿನ ಇಂಟರ್‌ಚೇಂಜನ್ನು ಶೇ 0.3ಕ್ಕೆ ಕಟ್ಟಿಹಾಕಿತು. ಇಷ್ಟು ಸಣ್ಣ ಬುಟ್ಟಿಯಿಂದ ಅಮೆರಿಕದವರ ಹಾಗೆ ಧಾರಾಳವಾಗಿ ಹಂಚಲು ಅಲ್ಲಿನ ಬ್ಯಾಂಕುಗಳಿಗೆ ಸಾಧ್ಯವಿಲ್ಲ.

ನನಗೆ ಈ ಸಂಖ್ಯೆಯ ಗುರುತಾದದ್ದು ಪುಸ್ತಕದ ಮೂಲಕ. ಸಂಶೋಧನೆಗೆ ಬೇಕಿದ್ದ ಕೆಲವು ಸಂಪುಟಗಳನ್ನು ಒಂದು ವಿಶ್ವವಿದ್ಯಾಲಯದ ಪ್ರಕಟಣಾ ವಿಭಾಗದ ಮಾರಾಟ ಮಳಿಗೆಯಲ್ಲಿ 2,400 ರೂಪಾಯಿ ಕೊಟ್ಟು ಕೊಂಡೆ. ಪುಸ್ತಕಗಳಿಗೆ ಶೇ 5 ವಾಪಸ್ ಎಂದು ನನ್ನ ಕಾರ್ಡಿನ ಕರಪತ್ರದಲ್ಲಿ ಅಚ್ಚಾಗಿತ್ತು. ತಿಂಗಳ ಕೊನೆಗೆ ಬಂದದ್ದು ಸೊನ್ನೆ. ಬ್ಯಾಂಕಿಗೆ ಫೋನ್ ಮಾಡಿದೆ. “ಮೇಡಂ, ನಮ್ಮ ಸಿಸ್ಟಮ್ಮಿನಲ್ಲಿ ಇದು ಕಾಲೇಜು ಫೀಸು ಅಂತ ತೋರಿಸ್ತಿದೆ. ಕೋಡ್ ಕೊಟ್ಟಿರೋದು ಆ ಕಡೆಯ ಬ್ಯಾಂಕು, ನಾವು ಬದಲಾಯಿಸೋಕೆ ಆಗಲ್ಲ” ಎಂದರು. ಮಳಿಗೆಯಲ್ಲಿ ಕೇಳಿದರೆ, “ಕೋಡಾ? ಮಷಿನ್ ಆಫೀಸಿನವರು ತಂದುಕೊಟ್ಟದ್ದು, ನಮಗೆ ಗೊತ್ತಿಲ್ಲಮ್ಮ” ಎಂದರು. ಪುಸ್ತಕದಂಗಡಿಗೆ 5942, ಕಾಲೇಜು ವಿಶ್ವವಿದ್ಯಾಲಯಗಳಿಗೆ 8220. ಹೋದದ್ದು ನೂರಿಪ್ಪತ್ತು ರೂಪಾಯಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹಣವಲ್ಲ. ಮಾರಿದವರಿಗೆ ಗೊತ್ತಿಲ್ಲದ, ಕೊಂಡವರಿಗೆ ಕಾಣದ, ಎರಡು ಬ್ಯಾಂಕುಗಳ ನಡುವೆ ಮಾತ್ರ ಓಡಾಡುವ ಒಂದು ಹೆಸರು ಆ ಮಳಿಗೆಗೆ ಇತ್ತಲ್ಲ, ಅದು.

ನಾನು ಓದುತ್ತಿರುವುದು ಹಳೆಯ ಮೈಸೂರು ಸಂಸ್ಥಾನದ ಜನಗಣತಿ ವರದಿಗಳಲ್ಲಿನ ಕಸುಬಿನ ಪಟ್ಟಿಗಳನ್ನು. ಪಟ್ಟಿಯೊಂದು ಕಣ್ಣಿಗೆ ಬಿದ್ದರೆ ಅದನ್ನು ಯಾರು, ಯಾವ ಕೆಲಸಕ್ಕೆ ಮಾಡಿದರು ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಈ ಪಟ್ಟಿಯ ಬೇರು ಹುಡುಕಿದಾಗ ಸಿಕ್ಕಿದ್ದು ಬ್ಯಾಂಕಲ್ಲ, 1930ರ ದಶಕದ ಅಮೆರಿಕ ಸರ್ಕಾರ.

ಮಹಾ ಆರ್ಥಿಕ ಕುಸಿತದ ಕಾಲ ಅದು. ಯಾವ ಉದ್ಯಮದಲ್ಲಿ ಎಷ್ಟು ಜನ ಕೆಲಸ ಮಾಡುತ್ತಿದ್ದಾರೆ, ಎಲ್ಲಿ ವ್ಯಾಪಾರ ಕುಗ್ಗಿದೆ ಎಂದು ತಿಳಿಯುವುದು ಸರ್ಕಾರಕ್ಕೆ ತುರ್ತಾಗಿತ್ತು. ಆದರೆ ಒಂದೇ ಕಾರ್ಖಾನೆಯನ್ನು ಒಂದು ಇಲಾಖೆ ಒಂದು ಬಗೆಯಲ್ಲಿ, ಇನ್ನೊಂದು ಇಲಾಖೆ ಇನ್ನೊಂದು ಬಗೆಯಲ್ಲಿ ಬರೆದುಕೊಳ್ಳುತ್ತಿತ್ತು. ಇವರ ಅಂಕಿಯನ್ನು ಅವರ ಅಂಕಿಯ ಜೊತೆ ಹೋಲಿಸುವಂತಿರಲಿಲ್ಲ. 1937ರಲ್ಲಿ ಕೇಂದ್ರ ಸಂಖ್ಯಾಶಾಸ್ತ್ರ ಮಂಡಳಿ ಇಲಾಖೆಗಳನ್ನೆಲ್ಲ ಸೇರಿಸಿ ಒಂದು ಸಮಿತಿ ಮಾಡಿತು. ಅದರ ಕೆಲಸದಿಂದ ಹುಟ್ಟಿದ್ದು ಸ್ಟ್ಯಾಂಡರ್ಡ್ ಇಂಡಸ್ಟ್ರಿಯಲ್ ಕ್ಲಾಸಿಫಿಕೇಶನ್, ಅಂದರೆ ಎಸ್‌ಐಸಿ. ದೇಶದ ಎಲ್ಲ ಉದ್ಯಮ ವ್ಯಾಪಾರಗಳನ್ನೂ ವಿಭಾಗ, ಉಪವಿಭಾಗ ಎಂದು ಒಡೆಯುತ್ತ ಹೋಗಿ, ಕೊನೆಯಲ್ಲಿ ನಾಲ್ಕು ಅಂಕಿಯ ಸಂಖ್ಯೆಗೆ ತಂದು ನಿಲ್ಲಿಸುವ ಪಟ್ಟಿ.

ಎಸ್‌ಐಸಿಯ 1987ರ ಕೈಪಿಡಿಯನ್ನೂ ಇಂದಿನ ಕಾರ್ಡು ಪಟ್ಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೈಪಿಡಿಯಲ್ಲಿ ದಿನಸಿ ಅಂಗಡಿ 5411, ಕಾರ್ಡಿನಲ್ಲೂ 5411. ಊಟದ ಜಾಗ ಅಲ್ಲೂ 5812, ಇಲ್ಲೂ 5812. ಬಾರ್ 5813, ಮೆಡಿಕಲ್ ಶಾಪ್ 5912, ಪುಸ್ತಕದಂಗಡಿ 5942, ಹೂವಿನಂಗಡಿ 5992, ಲಾಡ್ಜು 7011, ಆಸ್ಪತ್ರೆ 8062, ಧಾರ್ಮಿಕ ಸಂಸ್ಥೆ 8661. ಒಂದೂ ಬದಲಾಗಿಲ್ಲ. ಹಸ್ತಪ್ರತಿ ಶಾಸ್ತ್ರ ಓದಿದವರಿಗೆ ಇದು ಪರಿಚಿತ ವಿಷಯ. ಎರಡು ಪ್ರತಿಗಳಲ್ಲಿ ಇಷ್ಟೊಂದು ಪಾಠ ಒಂದೇ ಇದ್ದರೆ ಮೂಲ ಒಂದೇ ಎಂದರ್ಥ. ಬ್ಯಾಂಕ್ ಆಫ್ ಅಮೆರಿಕ 1958ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನ 60,000 ಜನರಿಗೆ ಕೇಳದೆಯೇ ಕಾರ್ಡುಗಳನ್ನು ಅಂಚೆಯಲ್ಲಿ ಕಳುಹಿಸಿತು. ಆ ಕಾರ್ಡು 1976ರಲ್ಲಿ ವೀಸಾ ಎಂಬ ಹೆಸರು ಪಡೆಯಿತು. ಹೀಗೆ ಬೆಳೆದ ಕಾರ್ಡು ಜಾಲಗಳಿಗೆ ಲಕ್ಷಾಂತರ ಅಂಗಡಿಗಳನ್ನು ವಿಂಗಡಿಸಬೇಕಾಗಿ ಬಂದಾಗ ಸರ್ಕಾರದ ಪಟ್ಟಿ ತಯಾರಾಗಿಯೇ ಇತ್ತು.

ತಮಾಷೆಯೆಂದರೆ ಸರ್ಕಾರ ತನ್ನ ಪಟ್ಟಿಯನ್ನು ಕೈಬಿಟ್ಟಿತು. 1997ರಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ ಆರು ಅಂಕಿಯ ಹೊಸ ವರ್ಗೀಕರಣ ತಂದವು. ಅದರಲ್ಲಿ ದಿನಸಿ ಅಂಗಡಿ 445110 ಆಯಿತು. ಕಾರ್ಡಿನಲ್ಲಿ ಮಾತ್ರ 5411 ಉಳಿಯಿತು. 2003ರಲ್ಲಿ ಐಎಸ್‌ಒ 18245 ಎಂಬ ಅಂತರರಾಷ್ಟ್ರೀಯ ಮಾನಕವಾಗಿ ಎಂಸಿಸಿ ಪಟ್ಟಿ ಪ್ರಕಟವಾಯಿತು. 2004ರಲ್ಲಿ ಅಮೆರಿಕದ ತೆರಿಗೆ ಇಲಾಖೆ, ಕಾರ್ಡಿನಲ್ಲಿ ಮಾಡಿದ ಯಾವ ಪಾವತಿ ಸರಕಿಗೆ, ಯಾವುದು ಸೇವೆಗೆ ಎಂದು ತೀರ್ಮಾನಿಸಲು ಇದೇ ಎಂಸಿಸಿಯನ್ನು ಬಳಸಬಹುದೆಂದು ಹೇಳಿತು. ಸರ್ಕಾರದ ಮನೆಯಿಂದ ಹೊರಟ ಸಂಖ್ಯೆ ಬ್ಯಾಂಕಿನ ಬೀದಿ ಸುತ್ತಿ ಮತ್ತೆ ಸರ್ಕಾರದ ಮನೆಗೇ ಬಂತು.

ದಾರಿಯಲ್ಲಿ ಹೊಸ ಸಂಖ್ಯೆಗಳೂ ಸೇರಿಕೊಂಡವು. ಫಾಸ್ಟ್ ಫುಡ್ಡಿಗೆ 5814 ಬಂತು. ವಿಮಾನ ಕಂಪನಿಗಳಿಗೆ, ದೊಡ್ಡ ಹೋಟೆಲ್ ಸರಣಿಗಳಿಗೆ ಒಂದೊಂದು ಸ್ವಂತ ಸಂಖ್ಯೆ ಸಿಕ್ಕಿತು. ಯುನೈಟೆಡ್ ಏರ್‌ಲೈನ್ಸ್ ಎಂದರೆ 3000, ಹಿಲ್ಟನ್ ಎಂದರೆ 3504. ದೊಡ್ಡವರಿಗೆ ತಲೆಗೊಂದು ಸಂಖ್ಯೆ, ಜಗತ್ತಿನ ದಿನಸಿ ಅಂಗಡಿಗಳೆಲ್ಲ ಸೇರಿ ಒಂದು ಸಂಖ್ಯೆ. ಟೈಪ್‌ರೈಟರ್ ಮಾರುವ, ಬಾಡಿಗೆಗೆ ಕೊಡುವ, ರಿಪೇರಿ ಮಾಡುವ ಅಂಗಡಿಗೆ 5978 ಎಂಬ ಸಂಖ್ಯೆಯಿದೆ. ಪಟ್ಟಿಗಳಲ್ಲಿ ಹಳೆಯ ಕಾಲ ಹೀಗೆ ಸಿಕ್ಕಿಕೊಂಡು ಉಳಿಯುತ್ತದೆ.

ನನಗೆ ಮುಖ್ಯವೆನಿಸುವ ಮಾತು ಇಲ್ಲಿದೆ. ಎಸ್‌ಐಸಿ ಹುಟ್ಟಿದ್ದು ಎಣಿಸುವುದಕ್ಕೆ. ಎಣಿಕೆಯ ಪಟ್ಟಿಗೆ ಸಣ್ಣ ತಪ್ಪುಗಳನ್ನು ನುಂಗಿಕೊಳ್ಳುವ ಶಕ್ತಿ ಇರುತ್ತದೆ. ಲಕ್ಷ ಅಂಗಡಿಗಳಲ್ಲಿ ನೂರು ಅಂಗಡಿಗಳು ತಪ್ಪು ಸಾಲಿಗೆ ಸೇರಿದರೂ ಒಟ್ಟು ಲೆಕ್ಕ ಹೆಚ್ಚು ಕೆಡುವುದಿಲ್ಲ. ‘ಮುಖ್ಯ ವ್ಯಾಪಾರ ಯಾವುದೋ ಅದೇ ಅಂಗಡಿಯ ವರ್ಗ’ ಎಂಬ ನಿಯಮ ಅಲ್ಲಿ ಸರಿಯಾದದ್ದೇ. ಕಾಫಿಯನ್ನೂ ಕೊಡುವ ಪುಸ್ತಕದಂಗಡಿ ಪುಸ್ತಕದಂಗಡಿಯೇ. ಆದರೆ ಅದೇ ಪಟ್ಟಿಯನ್ನು ಒಬ್ಬೊಬ್ಬರ ಒಂದೊಂದು ಖರ್ಚನ್ನು ಅಳೆಯಲು ಬಳಸಿದಾಗ ತಪ್ಪು ಹಂಚಿಹೋಗುವುದಿಲ್ಲ. ಪೂರ್ತಿಯಾಗಿ ಒಬ್ಬರ ತಲೆಯ ಮೇಲೆ ಬೀಳುತ್ತದೆ. ಮೆಡಿಕಲ್ ಶಾಪಿನಲ್ಲಿ ಕೊಂಡ ಮಾತ್ರೆಗೆ ಕ್ಯಾಶ್‌ಬ್ಯಾಕ್ ಸಿಕ್ಕಿ, ಆಸ್ಪತ್ರೆಯ ಬಿಲ್ಲಿನೊಳಗೆ ಸೇರಿದ ಅದೇ ಮಾತ್ರೆಗೆ ಸಿಗದೆ ಹೋಗುವುದು ಹೀಗೆ. ಎಣಿಕೆಗಾಗಿ ಇಟ್ಟ ಹೆಸರು ತೀರ್ಪಾಗಿ ಬದಲಾಗುತ್ತದೆ.

ನೂರು ಇನ್ನೂರು ರೂಪಾಯಿಯ ತೀರ್ಪಾದರೆ ಸಹಿಸಬಹುದು. ಅದು ಅಲ್ಲಿಗೇ ನಿಲ್ಲುವುದಿಲ್ಲ. 2008ರ ಜೂನ್‌ನಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕಂಪ್ಯುಕ್ರೆಡಿಟ್ ಎಂಬ ಸಂಸ್ಥೆಯ ಮೇಲೆ ದಾವೆ ಹೂಡಿತು. ಗ್ರಾಹಕರು ಎಂಥ ಕಡೆ ಕಾರ್ಡು ಬಳಸುತ್ತಾರೆ ಎಂಬುದನ್ನು ನೋಡಿ ಅವರ ಸಾಲದ ಮಿತಿಯನ್ನು ಇಳಿಸಲಾಗುತ್ತಿದೆ, ಇದನ್ನು ಅವರಿಗೆ ಮೊದಲೇ ತಿಳಿಸಿಲ್ಲ ಎಂಬುದು ಆರೋಪಗಳಲ್ಲೊಂದು. ದಾವೆಯಲ್ಲಿ ಹೆಸರಿಸಿದ ಜಾಗಗಳು ಬಾರ್, ಬಿಲಿಯರ್ಡ್ಸ್ ಆಡುವ ಜಾಗ, ಗಿರವಿ ಅಂಗಡಿ, ಮಸಾಜ್ ಪಾರ್ಲರ್, ಟೈರ್ ರೀಟ್ರೇಡಿಂಗ್ ಅಂಗಡಿ, ದಾಂಪತ್ಯದ ಆಪ್ತಸಲಹೆ. ಇದನ್ನು ಎಂಸಿಸಿ ಪಟ್ಟಿಯ ಪಕ್ಕ ಇಟ್ಟರೆ ಒಂದೊಂದಕ್ಕೂ ಸಂಖ್ಯೆ ಸಿಗುತ್ತದೆ: 5813, 7932, 5933, 7297, 7534, 7277. ಸವೆದ ಟೈರಿಗೆ ಹೊಸ ರಬ್ಬರ್ ಹಾಕಿಸುವವರು ಹಣದ ಬಿಗಿಯಲ್ಲಿರಬಹುದು, ಸಂಸಾರದಲ್ಲಿ ಜಗಳವಿದ್ದವರು ನಾಳೆ ಸಾಲ ತೀರಿಸದೆ ಇರಬಹುದು ಎಂಬ ಊಹೆ ಇಲ್ಲಿ ಕೆಲಸ ಮಾಡಿದಂತಿದೆ. ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು. ಗಮನಿಸಬೇಕಾದದ್ದು, ಆಯೋಗ ಆಕ್ಷೇಪಿಸಿದ್ದು ತಿಳಿಸದೆ ಇದ್ದುದನ್ನು. ಹಾಗೆ ಅಳೆಯುವುದೇ ತಪ್ಪು ಎಂದು ಅದು ಹೇಳಲಿಲ್ಲ.

ಸಂಖ್ಯೆಗೆ ಇಷ್ಟು ಬಲ ಇರುವುದರಿಂದಲೇ ಅದಕ್ಕಾಗಿ ಜಗಳಗಳೂ ಆಗುತ್ತವೆ. ಅಮೆರಿಕದ ಬಂದೂಕಿನ ಅಂಗಡಿಗಳಿಗೆ ಬಹುಕಾಲ ಸ್ವಂತ ಸಂಖ್ಯೆ ಇರಲಿಲ್ಲ. ಅವು ಆಟದ ಸಾಮಾನಿನ ಅಂಗಡಿಗಳ ಜೊತೆಗೋ ‘ಇತರೆ’ ಎಂಬ ಸಾಲಿಗೋ ಸೇರಿಕೊಂಡಿದ್ದವು. ಅಮಾಲ್ಗಮೇಟೆಡ್ ಬ್ಯಾಂಕ್ ಸಲ್ಲಿಸಿದ ಅರ್ಜಿಯ ಮೇಲೆ 2022ರ ಸೆಪ್ಟೆಂಬರಿನಲ್ಲಿ ಐಎಸ್‌ಒ 5723 ಎಂಬ ಹೊಸ ಸಂಖ್ಯೆಗೆ ಒಪ್ಪಿಗೆ ಕೊಟ್ಟಿತು. ಅನುಮಾನಾಸ್ಪದ ಖರೀದಿ ಕಣ್ಣಿಗೆ ಬೀಳಲೆಂದು ಒಂದು ಪಕ್ಷ, ಕಾನೂನುಬದ್ಧವಾಗಿ ಕೊಳ್ಳುವವರ ಮೇಲೆ ಇದು ಗೂಢಚರ್ಯೆ ಎಂದು ಇನ್ನೊಂದು ಪಕ್ಷ. 2023ರ ಮಾರ್ಚ್‌ನಲ್ಲಿ ಕಾರ್ಡು ಕಂಪನಿಗಳು ಕೆಲಸವನ್ನು ತಡೆಹಿಡಿದವು. ಅದೇ ವರ್ಷ ಕ್ಯಾಲಿಫೋರ್ನಿಯಾ ಈ ಸಂಖ್ಯೆಯನ್ನು ಬಳಸಲೇಬೇಕೆಂದು ಕಾನೂನು ಮಾಡಿತು, ಫ್ಲಾರಿಡಾ ಬಳಸಕೂಡದೆಂದು ಕಾನೂನು ಮಾಡಿತು.

ಇದನ್ನು ಓದುವಾಗ ನನಗೆ 1901ರ ಭಾರತದ ಜನಗಣತಿ ನೆನಪಾಯಿತು. ಆಗಿನ ಕಮಿಷನರ್ ಹರ್ಬರ್ಟ್ ರಿಸ್ಲಿ ಜಾತಿಗಳನ್ನು ಸಾಮಾಜಿಕ ಮೇಲು ಕೀಳಿನ ಕ್ರಮದಲ್ಲಿ ಜೋಡಿಸಲು ಹೊರಟ. ಕೂಡಲೇ ದೇಶದ ಹಲವೆಡೆಗಳಿಂದ, ನಮ್ಮನ್ನು ಈ ಹೆಸರಿನಿಂದ ಬರೆದುಕೊಳ್ಳಿ, ಆ ಸಾಲಿನಲ್ಲಿ ಸೇರಿಸಿ ಎಂದು ಜಾತಿ ಸಭೆಗಳ ಮನವಿಗಳು ಬರತೊಡಗಿದವು. ಹುಟ್ಟಿನಿಂದ ಬರುವ ಅವಮಾನವನ್ನೂ ಅಂಗಡಿಯ ಸಂಖ್ಯೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನ್ನ ಉದ್ದೇಶವಲ್ಲ. ಪಟ್ಟಿ ಮಾಡುವವರು ಇರುವುದನ್ನು ಬರೆದುಕೊಂಡೆವು ಎನ್ನುತ್ತಾರೆ, ಬರೆಸಿಕೊಂಡವರ ಬದುಕಿನಲ್ಲಿ ಅದರಿಂದ ಹೊಸದೇನೋ ಆಗುತ್ತದೆ ಎಂಬಷ್ಟಕ್ಕೆ ಹೋಲಿಕೆ. ಆದರೂ ಜನಗಣತಿಯ ಪಟ್ಟಿ ಅಚ್ಚಾಗುತ್ತಿತ್ತು. ತಮ್ಮನ್ನು ಹೇಗೆ ಬರೆದಿದ್ದಾರೆಂದು ಜನರಿಗೆ ತಿಳಿಯುತ್ತಿತ್ತು, ಅದಕ್ಕೇ ಮನವಿ ಸಾಧ್ಯವಾಯಿತು. ಕಾರ್ಡು ಉಜ್ಜುವ ಅಂಗಡಿಯ ಯಜಮಾನರಲ್ಲಿ ತಮ್ಮ ಸಂಖ್ಯೆ ತಿಳಿದವರು ಎಷ್ಟು ಮಂದಿ ಸಿಕ್ಕಾರು?

ಈ ಕ್ಯಾಶ್‌ಬ್ಯಾಕಿನ ಆಟದಲ್ಲಿ ಇಲ್ಲದವರ ಮಾತನ್ನೂ ಆಡಬೇಕು. ಅಂಗಡಿಯವರು ಕಾರ್ಡಿನ ಶುಲ್ಕವನ್ನು ಸರಕಿನ ಬೆಲೆಗೆ ಸೇರಿಸಿಕೊಂಡು, ಎಲ್ಲರಿಗೂ ಒಂದೇ ಬೆಲೆ ಇಟ್ಟರೆ, ನಗದು ಕೊಡುವವರೂ ಆ ಶುಲ್ಕವನ್ನು ಹೊತ್ತಂತಾಯಿತು. ವಾಪಸ್ ಹಣ ಮಾತ್ರ ಕಾರ್ಡಿನವರಿಗೆ. ಬಾಸ್ಟನ್‌ನ ಫೆಡರಲ್ ರಿಸರ್ವ್ ಬ್ಯಾಂಕಿನ ಸ್ಕಾಟ್ ಶು, ಓಜ್ ಶಾಯ್, ಜೊವಾನ್ನ ಸ್ಟಾವಿನ್ಸ್ 2010ರಲ್ಲಿ ಇದನ್ನು ಲೆಕ್ಕ ಹಾಕಿದರು. ಅವರ ಅಂದಾಜಿನಲ್ಲಿ ಅಮೆರಿಕದ ನಗದು ಬಳಸುವ ಒಂದು ಮನೆ ವರ್ಷಕ್ಕೆ ಸರಾಸರಿ 149 ಡಾಲರನ್ನು ಕಾರ್ಡಿನ ಮನೆಗಳಿಗೆ ದಾಟಿಸುತ್ತಿತ್ತು. ಕಾರ್ಡು ಬಳಸುವ ಒಂದು ಮನೆ 1,133 ಡಾಲರ್ ಪಡೆಯುತ್ತಿತ್ತು. ಸಾಮಾನ್ಯವಾಗಿ ಕಾರ್ಡು ಹೆಚ್ಚು ಇರುವುದು ಉಳ್ಳವರ ಬಳಿ.

ನಮ್ಮಲ್ಲಿ ಚಿತ್ರ ಬೇರೆ. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡಿನ ಪಾವತಿಗೆ 2020ರ ಜನವರಿಯಿಂದ ಅಂಗಡಿಯವರು ಶುಲ್ಕ ಕೊಡಬೇಕಿಲ್ಲ. ಶುಲ್ಕವಿಲ್ಲದ ಕಡೆ ಇಂಟರ್‌ಚೇಂಜ್ ಇಲ್ಲ, ಅದರಿಂದ ಹುಟ್ಟುವ ಕ್ಯಾಶ್‌ಬ್ಯಾಕೂ ಇಲ್ಲ. ಆದರೆ ಸಂಖ್ಯೆ ಇಲ್ಲಿಗೂ ಬಂದಿದೆ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಅಂಟಿಸಿದ ಯುಪಿಐ ಕ್ಯೂಆರ್ ಚೌಕದೊಳಗೆ ಯಜಮಾನರ ಹೆಸರು, ಖಾತೆಯ ವಿಳಾಸದ ಜೊತೆಗೆ ಈ ಕೋಡಿಗೂ ಒಂದು ಜಾಗ ಇದೆ. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಾದರೆ ಅಲ್ಲಿ ನಾಲ್ಕು ಸೊನ್ನೆ. 2022ರಿಂದ ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು, ಆದರೆ ಅದರಿಂದ ಹಣ ಕೊಡಬಹುದಾದದ್ದು ವ್ಯಾಪಾರಿಗೆ ಮಾತ್ರ. ಸ್ವಂತ ಫೋನಿನ ಖಾಸಗಿ ಕ್ಯೂಆರನ್ನೇ ಅಂಟಿಸಿಕೊಂಡು ಕೂತ ಸೊಪ್ಪಿನಮ್ಮ ಮೂವತ್ತು ವರ್ಷ ಅದೇ ಮೂಲೆಯಲ್ಲಿ ಸೊಪ್ಪು ಮಾರಿದ್ದರೂ ಆ ಕಾರ್ಡಿನ ಲೆಕ್ಕದಲ್ಲಿ ವ್ಯಾಪಾರಿಯಲ್ಲ. ಅಲ್ಲಿ ಕ್ಯಾಶ್‌ಬ್ಯಾಕಿನ ಪ್ರಶ್ನೆಯೇ ಏಳುವುದಿಲ್ಲ, ಕಾರ್ಡೇ ನಡೆಯುವುದಿಲ್ಲ.

ಇನ್ನು ನಮ್ಮ ಹಳ್ಳಿ ಪೇಟೆಗಳ ಅಂಗಡಿ. ಅಕ್ಕಿ, ಬೆಲ್ಲ, ನೋಟ್‌ಬುಕ್ಕು, ಹವಾಯಿ ಚಪ್ಪಲಿ, ತಲೆನೋವಿನ ಮಾತ್ರೆ, ಊದಿನಕಡ್ಡಿ, ಮೊಬೈಲ್ ರೀಚಾರ್ಜು, ಪಕ್ಕದಲ್ಲೇ ಟೀ. ಅಮೆರಿಕದ ಪೇಟೆ ಬೀದಿಯನ್ನು ನೋಡಿ ಮಾಡಿದ ಪಟ್ಟಿಗೆ ಇದು ಹೊಸ ಜೀವಿ. ‘ಮುಖ್ಯ ವ್ಯಾಪಾರ ಯಾವುದು?’ ಎಂದು ಕೇಳಿದರೆ ಅಲ್ಲಿನ ಯಜಮಾನರು, ‘ಯಾವ ಕಾಲದಲ್ಲಿ ಸ್ವಾಮಿ? ಜೂನ್‌ನಲ್ಲಿ ನೋಟ್‌ಬುಕ್ಕು, ಶ್ರಾವಣದಲ್ಲಿ ಪೂಜೆ ಸಾಮಾನು’ ಎಂದಾರು.

ಪಟ್ಟಿಗಳೇ ಬೇಡ ಎಂದು ಹೇಳಲು ನನ್ನಿಂದ ಆಗದು. ಪಟ್ಟಿಗಳಿಲ್ಲದಿದ್ದರೆ ನನ್ನ ಸಂಶೋಧನೆಯೇ ಇಲ್ಲ. ಕೇಳಬೇಕಾದದ್ದು ಸಣ್ಣದು. ಅಂಗಡಿಯ ಬಿಲ್ಲಿನ ತಲೆಯ ಮೇಲೆ ಜಿಎಸ್‌ಟಿ ಸಂಖ್ಯೆ ಅಚ್ಚಾಗಿರುತ್ತದೆ. ಕಾರ್ಡಿನ ಚೀಟಿಯ ಮೇಲೆ ಈ ನಾಲ್ಕು ಅಂಕಿಯೂ ಅಚ್ಚಾಗಲಿ, ಪಕ್ಕದಲ್ಲಿ ಅದರ ಅರ್ಥ ಕನ್ನಡದಲ್ಲೂ ಇರಲಿ. ತಿಂಗಳ ಸ್ಟೇಟ್‌ಮೆಂಟಿನಲ್ಲಿ ಪ್ರತಿ ಖರ್ಚಿನ ಎದುರು ಅದು ಕಾಣಲಿ. ತಪ್ಪಿದ್ದರೆ ಯಾರಿಗೆ ಅರ್ಜಿ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದು ಅಂಗಡಿಯವರಿಗೂ ಗಿರಾಕಿಗೂ ಗೊತ್ತಿರಲಿ. ತನ್ನನ್ನು ಯಾವ ಹೆಸರಿನಿಂದ ಬರೆದುಕೊಂಡಿದ್ದಾರೆ ಎಂದು ತಿಳಿದ ಮೇಲೆ ಹೋಟೆಲಿನ ಯಜಮಾನರೇ ಮುಂದಿನ ಮಾತಾಡುತ್ತಾರೆ: “ಸಾರ್, ನಮ್ಮದು ಲಾಡ್ಜಲ್ಲ. ಇಲ್ಲಿ ದೋಸೆ ಸಿಗುತ್ತೆ.”